ಕರಿ ಹರಿಯುವ ಎತ್ತು, ನೆರಳು ನೋಡುವ ಅಳಿಲು

ಜ್ಯೇಷ್ಠ ಮಾಸದ ಹುಣ್ಣಿಮೆಯ ಸಂಜೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಊರ ಅಗಸಿಯ ಮುಂದೆ ಜನ ಸೇರುತ್ತಾರೆ. ಹಿಂದಿನ ದಿನ ಹೊನ್ನುಗ್ಗಿ ಮುಗಿದಿರುತ್ತದೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ ಹಾಕಿ ಸಿಂಗರಿಸಿರುತ್ತಾರೆ. ದಾರಿಗೆ ಅಡ್ಡಲಾಗಿ ಬೇವಿನ ತಪ್ಪಲು ಕಟ್ಟಿದ ಹಗ್ಗವೊಂದು ತೂಗುತ್ತಿರುತ್ತದೆ. ಅದೇ ‘ಕರಿ’. ಓಡಿಬಂದ ಎತ್ತುಗಳಲ್ಲಿ ಅದನ್ನು ಮೊದಲು ಹರಿದದ್ದು ಯಾವುದು ಎಂದು ಎಲ್ಲರ ಕಣ್ಣೂ ಅತ್ತ ನೆಟ್ಟಿರುತ್ತದೆ. ಬಿಳಿ ಎತ್ತು ಮುಂದಾದರೆ ಆ ವರ್ಷ ಜೋಳದಂಥ ಬಿಳಿ ಬೆಳೆ, ಅಂದರೆ ಹಿಂಗಾರಿ ಚೆನ್ನಾಗಿ ಬರುತ್ತದೆ. ಕೆಂದು ಎತ್ತು ಮುಂದಾದರೆ ಮುಂಗಾರಿ ಬೆಳೆ ಕೈಹಿಡಿಯುತ್ತದೆ ಎಂಬುದು ತಲೆತಲಾಂತರದಿಂದ ಬಂದ ನಂಬಿಕೆ.

ಕಾರ ಹುಣ್ಣಿಮೆಯ ಈ ಓಟ ಮಕ್ಕಳಿಗೆ ಹಬ್ಬ. ಆದರೆ ಬಗಲಲ್ಲಿ ನಿಂತ ತಂದೆಯ ತಲೆಯಲ್ಲಿ ಬೇರೆ ಲೆಕ್ಕ ನಡೆದಿರುತ್ತದೆ. ಬೀಜ, ಗೊಬ್ಬರ ಮನೆಗೆ ಬಂದಿದೆ. ಬಿತ್ತುವುದು ಯಾವಾಗ? ಮೊದಲ ಮಳೆಗೇ ಬಿತ್ತಿ, ಆಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಮತ್ತೆ ಬೀಜ ಕೊಳ್ಳಬೇಕು, ಮತ್ತೆ ಬಿತ್ತಬೇಕು. ಹೆದರಿ ಕಾದು ಕುಳಿತರೆ ಹದ ತಪ್ಪುತ್ತದೆ. ಶಾಲೆಗಳು ಶುರುವಾಗುವುದೂ ಇದೇ ಹೊತ್ತಿನಲ್ಲಿ. ಬಿತ್ತನೆ ಒಮ್ಮೆ ತಪ್ಪಿದರೆ ಮಕ್ಕಳ ಪುಸ್ತಕ, ಫೀಸಿಗೆಂದು ತೆಗೆದಿಟ್ಟ ಹಣ ಎರಡನೇ ಸಲದ ಬೀಜಕ್ಕೆ ಹೋಗುವುದುಂಟು. ಆದ್ದರಿಂದ ಮುಂದಿನ ಮಳೆ ಹೇಗೆ ಎಂದು ತಿಳಿಯುವ ಹಂಬಲ ಸುಮ್ಮನೆ ಹುಟ್ಟಿದ್ದಲ್ಲ.

ಈ ಹಂಬಲ ನಮ್ಮ ಕಡೆಗಷ್ಟೇ ಸೇರಿದ್ದೂ ಅಲ್ಲ. ನಾವು ಎತ್ತಿನ ಬಣ್ಣ ನೋಡಿದರೆ, ಅಮೆರಿಕದ ಜನ ಒಂದು ಪ್ರಾಣಿಯ ನೆರಳು ನೋಡುತ್ತಾರೆ.

ಬಿಲದಿಂದ ಹೊರಬರುವ ಫಿಲ್

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಪಂಕ್ಸುಟಾನಿ ಎಂಬ ಚಿಕ್ಕ ಊರಿದೆ. ಅಲ್ಲಿ ಪ್ರತಿವರ್ಷ ಫೆಬ್ರವರಿ 2ರ ನಸುಕಿನಲ್ಲಿ ಸಾವಿರಾರು ಜನ ಚಳಿಯಲ್ಲಿ ನಡುಗುತ್ತ ಒಂದು ದಿಬ್ಬದ ಬಳಿ ಕಾಯುತ್ತಾರೆ. ಉದ್ದ ಕರಿ ಟೋಪಿ ಧರಿಸಿದ ಹಿರಿಯರು ಗ್ರೌಂಡ್‌ಹಾಗ್ ಎಂಬ ಪ್ರಾಣಿಯನ್ನು ಹೊರತೆಗೆಯುತ್ತಾರೆ. ಅದರ ಹೆಸರು ಫಿಲ್. ಬಿಸಿಲಿದ್ದು ಫಿಲ್‌ಗೆ ತನ್ನ ನೆರಳು ಕಂಡರೆ ಚಳಿಗಾಲ ಇನ್ನೂ ಆರು ವಾರ. ಮೋಡವಿದ್ದು ನೆರಳು ಕಾಣದಿದ್ದರೆ ವಸಂತ ಬೇಗ ಬಂತು ಎಂದು ಸಾರುತ್ತಾರೆ. ಆ ದಿಬ್ಬದಲ್ಲಿ ಈ ಆಚರಣೆ ನಡೆಯುತ್ತ ಬಂದಿರುವುದು 1887ರಿಂದ.

ಗ್ರೌಂಡ್‌ಹಾಗ್ ಎಂಬ ಹೆಸರಿಗೆ ಅಕ್ಷರಶಃ ‘ನೆಲಹಂದಿ’ ಎಂದು ಅರ್ಥವಾದರೂ ಅದು ಹಂದಿಯಲ್ಲ. ನಮ್ಮ ಬೇವಿನ ಮರದ ಮೇಲೆ ಓಡಾಡುವ ಅಳಿಲಿನ ಕುಟುಂಬಕ್ಕೇ ಸೇರಿದ, ನೆಲದಲ್ಲಿ ಬಿಲ ತೋಡಿ ಬದುಕುವ, ದಪ್ಪ ಮೈಯ ಪ್ರಾಣಿ. ಬೇಸಿಗೆಯಲ್ಲಿ ಹೊಟ್ಟೆತುಂಬ ಹುಲ್ಲು, ಸೊಪ್ಪು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಚಳಿಗಾಲ ಬಂದೊಡನೆ ಬಿಲ ಸೇರಿ ದೀರ್ಘ ನಿದ್ರೆಗೆ ಜಾರುತ್ತದೆ. ಆಗ ಅದರ ಮೈಕಾವು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಿಮಿಷಕ್ಕೆ 80ರಷ್ಟಿದ್ದ ಎದೆಬಡಿತ ಹತ್ತಕ್ಕಿಂತ ಕೆಳಗೆ ಬರುತ್ತದೆ. ಫೆಬ್ರವರಿಯಲ್ಲಿ ಗಂಡು ಗ್ರೌಂಡ್‌ಹಾಗ್‌ಗಳು ಒಮ್ಮೆ ಹೊರಬಂದು ಸುತ್ತಾಡುವುದು ನಿಜ. ಆದರೆ ಅವು ಹೊರಬರುವುದು ನೆರಳು ನೋಡಲಿಕ್ಕಲ್ಲ, ಹೆಣ್ಣುಗಳ ಬಿಲ ಎಲ್ಲಿದೆ ಎಂದು ಪತ್ತೆ ಹಚ್ಚಲಿಕ್ಕೆ.

ಈ ನಂಬಿಕೆ ಯುರೋಪಿನಿಂದ ಹೋದದ್ದು. ಕ್ರಿಸ್‌ಮಸ್ ಕಳೆದು 40ನೆಯ ದಿನಕ್ಕೆ ಬರುವ ಕ್ಯಾಂಡಲ್‌ಮಸ್ ಹಬ್ಬದಂದು ಬಿಸಿಲಿದ್ದರೆ ಚಳಿ ಇನ್ನೂ ಉಳಿದಿದೆ ಎಂದು ಅಲ್ಲಿನ ರೈತರು ಹೇಳುತ್ತಿದ್ದರು. ಜರ್ಮನರು ಬಿಜ್ಜು ಎಂಬ, ಬಿಲದಲ್ಲಿ ವಾಸಿಸುವ ಪ್ರಾಣಿಯ ನೆರಳು ನೋಡುತ್ತಿದ್ದರು. ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರಿಗೆ ಅಲ್ಲಿ ಕೈಗೆ ಸಿಕ್ಕಿದ್ದು ಗ್ರೌಂಡ್‌ಹಾಗ್. ಪ್ರಾಣಿ ಬದಲಾಯಿತು, ಮಾತು ಉಳಿಯಿತು.

ಇದರಲ್ಲಿ ಸತ್ಯದ ಎಳೆ ಇಲ್ಲವೆ? ಸ್ವಲ್ಪ ಇದೆ. ಯುರೋಪಿನ ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದರೆ ಅನೇಕ ಸಲ ಉತ್ತರದ ಒಣ ಶೀತಗಾಳಿ ನೆಲೆಸಿದೆ ಎಂದರ್ಥ. ಮೋಡವಿದ್ದರೆ ಸಮುದ್ರದ ಕಡೆಯಿಂದ ತೇವದ, ಅಷ್ಟೇನೂ ತಣ್ಣಗಿಲ್ಲದ ಗಾಳಿ ಬಂದಿರಬಹುದು. ಆದರೆ ಆ ಸೂಚನೆ ಅಂದಿಗೆ, ಹೆಚ್ಚೆಂದರೆ ಎರಡು ಮೂರು ದಿನಕ್ಕೆ ನಡೆದೀತು. ಅದನ್ನು ಆರು ವಾರಕ್ಕೆ ಎಳೆದರೆ ಎಳೆ ಹರಿಯುತ್ತದೆ. ಅಮೆರಿಕದ ಸರ್ಕಾರಿ ಹವಾಮಾನ ತಜ್ಞರು ಈಚಿನ ವರ್ಷಗಳ ಉಷ್ಣತೆಯ ದಾಖಲೆಯೊಡನೆ ಫಿಲ್‌ನ ಭವಿಷ್ಯವನ್ನು ತಾಳೆ ನೋಡಿದ್ದಾರೆ. ಅದು ಅರ್ಧದಷ್ಟು ಸಲವೂ ಸರಿಯಾಗಿಲ್ಲ. ಅಂದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಅದಕ್ಕಿಂತ ಮೇಲಾಗುತ್ತಿತ್ತು.

ಅಮೆರಿಕದವರು ನಕ್ಕು ಮನೆಗೆ ಹೋಗುತ್ತಾರೆ. ಫಿಲ್‌ನ ಮಾತು ನಂಬಿ ಯಾರೂ ಗೋಧಿ ಬಿತ್ತುವುದಿಲ್ಲ. ನಮ್ಮಲ್ಲೂ ಎತ್ತಿನ ಬಣ್ಣ ನೋಡಿ ಹೊಲವನ್ನೆಲ್ಲ ಒಂದೇ ಬೆಳೆಗೆ ಕೊಟ್ಟ ರೈತ ಸಿಗುವುದು ಕಷ್ಟ. ಕೆಂದು ಎತ್ತು ಗೆದ್ದರೂ, ಬಿಳಿ ಎತ್ತು ಗೆದ್ದರೂ ಆತ ತೊಗರಿಯ ಸಾಲುಗಳ ನಡುವೆ ಹೆಸರು ಇಲ್ಲವೆ ಉದ್ದು ಬಿತ್ತುತ್ತಾನೆ. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ತೊಗರಿ ಆಳಕ್ಕೆ ಬೇರು ಬಿಟ್ಟು ಐದಾರು ತಿಂಗಳು ನಿಲ್ಲುತ್ತದೆ. ಒಂದು ಹೋದರೂ ಒಂದು ಉಳಿಯಲಿ ಎಂಬ ಈ ಮಿಶ್ರ ಬೆಳೆಯ ಪದ್ಧತಿ ಏನು ಹೇಳುತ್ತದೆ? ಮಳೆಯನ್ನು ಮುಂಚಿತವಾಗಿ ಖಚಿತವಾಗಿ ತಿಳಿಯಲಾಗದು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ಹೇಳುತ್ತದೆ.

ಹದಿಮೂರು ದಿನಕ್ಕೊಂದು ಮಳೆ

ಎತ್ತಿನ ಓಟಕ್ಕಿಂತ ರೈತರು ಹೆಚ್ಚು ನೆಚ್ಚಿಕೊಂಡದ್ದು ಮಳೆ ನಕ್ಷತ್ರಗಳನ್ನು. ಸೂರ್ಯ ಆಕಾಶದಲ್ಲಿ ಸುತ್ತುವಂತೆ ಕಾಣುವ ದಾರಿಯನ್ನು 27 ಪಾಲು ಮಾಡಿ ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ಸೂರ್ಯ ಒಂದೊಂದು ಪಾಲಿನಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 7-8ಕ್ಕೆ ಮೃಗಶಿರ ಅಂದರೆ ನಮ್ಮ ‘ಮಿರಗ’, ಜೂನ್ 21-22ಕ್ಕೆ ಆರಿದ್ರ, ಆಗಸ್ಟ್ ಮಧ್ಯಕ್ಕೆ ಮಘೆ, ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ ಹುಟ್ಟುತ್ತದೆ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಮಾತೂ ಇದೆ. ಇವು ಭವಿಷ್ಯವಲ್ಲ ಎಂಬುದನ್ನು ಗಮನಿಸಬೇಕು. ರೋಹಿಣಿಯಲ್ಲಿ ಮಳೆ ಬಂದೇ ಬರುತ್ತದೆ ಎಂದು ಗಾದೆ ಹೇಳುವುದಿಲ್ಲ, ‘ಬಂದರೆ’ ಎನ್ನುತ್ತದೆ. ಯಾವ ಹೊತ್ತಿನ ಮಳೆ ಯಾವ ಬೆಳೆಗೆ ಬೇಕು ಎಂಬ ತಲೆಮಾರುಗಳ ಅನುಭವವನ್ನು ನೆನಪಿನಲ್ಲಿ ಉಳಿಯುವಂತೆ ಕಟ್ಟಿಟ್ಟ ಪಟ್ಟಿ ಅದು.

ಇನ್ನೊಂದು ಸೊಗಸು ನೋಡಿ. ಮುಂಗಾರು ಕೇರಳ ತಲುಪುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಒಂದು ವಾರ ಹತ್ತು ದಿನದಲ್ಲಿ ಅದು ಸಾಮಾನ್ಯವಾಗಿ ಕಲಬುರಗಿಯ ಕಡೆ ಬರುತ್ತದೆ. ಮಿರಗ ಹುಟ್ಟುವುದೂ ಆಗಲೇ. ಹೀಗಾಗಿ ಮಿರಗಕ್ಕೆ ಕಾಯಬೇಕು ಎಂಬ ಮಾತಿಗೆ ಹವಾಮಾನ ಇಲಾಖೆಯ ಸರಾಸರಿಯೂ ಒಪ್ಪುತ್ತದೆ. ಇದು ಸೂರ್ಯನನ್ನು ಅನುಸರಿಸುವ ಲೆಕ್ಕವಾದ್ದರಿಂದ ಪ್ರತಿವರ್ಷ ಅದೇ ತಾರೀಖಿಗೆ ಬರುತ್ತದೆ. ಕಾರ ಹುಣ್ಣಿಮೆ ಹಾಗಲ್ಲ, ಅದು ಚಂದ್ರನ ಲೆಕ್ಕ. 2023ರಲ್ಲಿ ಅದು ಜೂನ್ 4ಕ್ಕೆ ಬಂತು, 2024ರಲ್ಲಿ ಜೂನ್ 21-22ಕ್ಕೆ. ಒಂದು ವರ್ಷ ಎತ್ತು ಓಡುವಾಗ ನೆಲ ಕಾದಿರುತ್ತದೆ, ಮತ್ತೊಂದು ವರ್ಷ ಆ ಹೊತ್ತಿಗೆ ಬಿತ್ತನೆಯೇ ಶುರುವಾಗಿರುತ್ತದೆ.

ಆದರೆ ನಕ್ಷತ್ರದ ಲೆಕ್ಕಕ್ಕೂ ಒಂದು ತೊಡಕಿದೆ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಮರಳಲು ತೆಗೆದುಕೊಳ್ಳುವ ಕಾಲ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದೇ ಇದಕ್ಕೆ ಕಾರಣ. ವರ್ಷಕ್ಕೆ 20 ನಿಮಿಷವಾದರೆ 72 ವರ್ಷಕ್ಕೆ ಎಷ್ಟು? 1440 ನಿಮಿಷ, ಅಂದರೆ ಸರಿಯಾಗಿ ಒಂದು ದಿನ. ಸಾವಿರ ವರ್ಷಕ್ಕೆ ಸುಮಾರು 14 ದಿನ, ಅಂದರೆ ಒಂದು ಪೂರ್ತಿ ಮಳೆ ನಕ್ಷತ್ರ. ಸಾವಿರ ವರ್ಷದ ಹಿಂದಿನ ರೈತನ ರೋಹಿಣಿ ಇಂದಿನ ಕೃತ್ತಿಕೆಯ ದಿನಗಳಲ್ಲಿ ಬರುತ್ತಿತ್ತು! ಹಳೆಯ ಗಾದೆಯ ಹೆಸರು ಉಳಿದು ದಿನ ಜಾರಿದೆ. ಆದ್ದರಿಂದ ಗಾದೆಗಳನ್ನೂ ಆಗಾಗ ತೂಗಿ ನೋಡಬೇಕಾಗುತ್ತದೆ.

ವಾಹನದ ಲೆಕ್ಕ

ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಆಳಂದ, ಅಫಜಲಪುರಗಳ ಕಡೆಗೆ ಸೊಲ್ಲಾಪುರದ ಪಂಚಾಂಗಗಳು ದೂರವಲ್ಲ. ಅಂಥ ಪಂಚಾಂಗಗಳಲ್ಲಿ ಪ್ರತಿ ಮಳೆ ನಕ್ಷತ್ರಕ್ಕೂ ಒಂದು ವಾಹನ ಹೇಳಿರುತ್ತಾರೆ. ಕಪ್ಪೆ, ಎಮ್ಮೆ, ಆನೆ ಬಂದರೆ ಒಳ್ಳೆಯ ಮಳೆ. ನರಿ, ಕತ್ತೆ ಬಂದರೆ ಅಷ್ಟಕ್ಕಷ್ಟೆ. ಈ ಪ್ರಾಣಿಗಳು ಬರುವುದು ಎಲ್ಲಿಂದ? ಕಾಡಿನಿಂದಲ್ಲ, ಭಾಗಾಕಾರದಿಂದ! ಸೂರ್ಯನಿರುವ ನಕ್ಷತ್ರದಿಂದ ಚಂದ್ರನಿರುವ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು 9ರಿಂದ ಭಾಗಿಸುತ್ತಾರೆ. ಶೇಷ ಮೂರು ಉಳಿದರೆ ಕಪ್ಪೆ, ಏಳು ಉಳಿದರೆ ಎಮ್ಮೆ, ಏನೂ ಉಳಿಯದಿದ್ದರೆ ಆನೆ.

ಏಳನೇ ತರಗತಿಯ ಹುಡುಗಿಯೂ ಇದನ್ನು ಮಾಡಬಲ್ಲಳು. ಆಕೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಸೂರ್ಯ ಚಂದ್ರರ ಸ್ಥಾನ ಎಲ್ಲ ಊರಿಗೂ ಒಂದೇ ಅಲ್ಲವೆ? ಹಾಗಾದರೆ ಜೇವರ್ಗಿಗೆ ಬರುವ ಕಪ್ಪೆಯೇ ಮಹಾಬಳೇಶ್ವರಕ್ಕೂ ಬರಬೇಕು. ಘಟ್ಟದ ನೆತ್ತಿಯ ಮೇಲಿರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ಮಳೆನೆರಳಿನಲ್ಲಿರುವ ಕಲಬುರಗಿ ಸೀಮೆಗೆ 700-800 ಮಿಲಿಮೀಟರ್ ಬಂದರೆ ಒಳ್ಳೆಯ ವರ್ಷ. ಮಳೆಯನ್ನು ತೀರ್ಮಾನಿಸುವುದು ಗಾಳಿ, ಸಮುದ್ರ, ಬೆಟ್ಟಗಳು. ಶೇಷಕ್ಕೆ ಬೆಟ್ಟ ಎಲ್ಲಿದೆ ಎಂಬುದು ಗೊತ್ತಿಲ್ಲ.

ಇರುವೆಗೆ ಗೊತ್ತಿರುವುದೆಷ್ಟು?

ಇದಕ್ಕೆ ಬೇರೆಯಾದ ಇನ್ನೊಂದು ಬಗೆಯ ಸೂಚನೆಗಳಿವೆ. ಇರುವೆ ಮೊಟ್ಟೆ ಕಚ್ಚಿಕೊಂಡು ಸಾಲು ಹಿಡಿಯುವುದು, ಹರಳುಪ್ಪು ಬೆವರುವುದು, ನಾರಿನ ಹಗ್ಗದ ಮಂಚ ಬಿಗಿಯುವುದು, ಚಂದ್ರನ ಸುತ್ತ ಬಳೆ ಕಟ್ಟುವುದು. ಇವುಗಳ ಬೆನ್ನಿಗೆ ಕಾರಣವಿದೆ.

ಗಾಳಿಯಲ್ಲಿ ತೇವ ಹೆಚ್ಚಿದಾಗ ಹರಳುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಆ ತೇವವನ್ನು ಹೀರುತ್ತದೆ. ಉಪ್ಪಿನ ಗಡಿಗೆ ಒದ್ದೆಯಾಗುತ್ತದೆ. ನಾರಿನ ಎಳೆಗಳು ನೀರುಂಡು ಉಬ್ಬಿ ಹಗ್ಗ ಗಿಡ್ಡವಾಗುತ್ತದೆ. ಎತ್ತರದ ತೆಳು ಮೋಡದಲ್ಲಿರುವ ಆರು ಮೂಲೆಯ ಹಿಮದ ಹರಳುಗಳು ಬೆಳಕನ್ನು ಬಾಗಿಸಿ ಚಂದ್ರನ ಸುತ್ತ 22 ಡಿಗ್ರಿಯ ಬಳೆ ಬರೆಯುತ್ತವೆ. ಗೂಡಿನೊಳಗಿನ ತೇವ ಬದಲಾದಾಗ ಇರುವೆಗಳು ಮೊಟ್ಟೆಮರಿಗಳನ್ನು ತಕ್ಕ ಜಾಗಕ್ಕೆ ಸಾಗಿಸುತ್ತವೆ. ಇವೆಲ್ಲ ತೇವವನ್ನು ತೋರಿಸುವ ಮನೆಯ ಉಪಕರಣಗಳು. ಆದರೆ ಅವು ಹೇಳುವುದು ಈಗಿನ ಗಾಳಿಯ ಸ್ಥಿತಿಯನ್ನು. ಅದರಿಂದ ಇಂದು ನಾಳೆಯ ಮಾತು ಊಹಿಸಬಹುದೇ ಹೊರತು ಶ್ರಾವಣದ ಮಾತನ್ನಲ್ಲ.

ಕೆಲವು ಸೂಚನೆಗಳು ಮಳೆಯ ಮುಂದೆ ಬರುವುದಿಲ್ಲ, ಹಿಂದೆ ಬರುತ್ತವೆ. ದೀಪದ ಸುತ್ತ ಮುತ್ತುವ ರೆಕ್ಕೆಯ ಗೆದ್ದಲುಗಳು ಹೊರಬೀಳುವುದು ನೆಲ ನೆನೆದ ಮೇಲೆ. ಚಾತಕ ಪಕ್ಷಿ ಆಫ್ರಿಕದಿಂದ ಮುಂಗಾರಿನ ಗಾಳಿಯ ಜೊತೆಯಲ್ಲೇ ಬರುತ್ತದೆ. ಅದು ಮಳೆಯನ್ನು ಕರೆಯುವುದಿಲ್ಲ, ಅದೇ ಬಂಡಿಯಲ್ಲಿ ಬಂದ ಜೊತೆಗಾರ. ಅದರ ಕೂಗು ಕೇಳಿದರೆ ಮುಂಗಾರು ಸಮೀಪಿಸಿದೆ ಎನ್ನಬಹುದು, ಎಷ್ಟು ಸುರಿದೀತು ಎನ್ನಲಾಗದು.

ಈ ವಿಷಯದಲ್ಲಿ ನಮ್ಮ ಹಳಬರು ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ಎಂಬುದಕ್ಕೆ ವರಾಹಮಿಹಿರನೇ ಸಾಕ್ಷಿ. ಆರನೆಯ ಶತಮಾನದ ಆತನ ಬೃಹತ್ಸಂಹಿತೆಯಲ್ಲಿ ಕೂಡಲೇ ಬರುವ ಮಳೆಯ ಲಕ್ಷಣಗಳಿಗೇ ಒಂದು ಅಧ್ಯಾಯವಿದೆ. ಇರುವೆ ಮೊಟ್ಟೆ ಸಾಗಿಸುವುದು ಅದರಲ್ಲೊಂದು. ಅಲ್ಲಿ ಆತ ಒಂದು ಷರತ್ತು ಹಾಕುತ್ತಾನೆ: ಗೂಡಿಗೆ ಬೇರೇನೂ ತೊಂದರೆ ಆಗಿರಬಾರದು. ಯಾರಾದರೂ ಗೂಡು ಕೆದಕಿದ್ದರೂ ಇರುವೆ ಮೊಟ್ಟೆ ಹೊತ್ತು ಓಡುತ್ತದೆ; ಅದನ್ನು ಮಳೆಯ ಸೂಚನೆಯೆಂದು ತಿಳಿಯಬಾರದು. ಪ್ರಯೋಗಶಾಲೆಯಲ್ಲಿ ಇಂದು ಕಲಿಸುವ ಎಚ್ಚರಿಕೆಯೂ ಇದೇ. ಅದೇ ಗ್ರಂಥದಲ್ಲಿ ಮೋಡ ಗರ್ಭಕಟ್ಟಿದ 195 ದಿನಕ್ಕೆ ಮಳೆ ಹೆರುತ್ತದೆ ಎಂಬ ಮಾತೂ ಇದೆ. ಮೋಡ ಕೆಲವು ಗಂಟೆಗಳಲ್ಲಿ ಹುಟ್ಟಿ ಕರಗುವಂಥದು ಎಂದು ಇಂದು ನಮಗೆ ಗೊತ್ತು. ಒಂದೇ ಪುಸ್ತಕದಲ್ಲಿ ಉಳಿಸಿಕೊಳ್ಳಬೇಕಾದದ್ದೂ ಬಿಡಬೇಕಾದದ್ದೂ ಇರುತ್ತದೆ.

ಶಾಸ್ತ್ರಜ್ಞರೂ ತಪ್ಪಿದ್ದಾರೆ

ಹಾಗಾದರೆ ಹವಾಮಾನ ಇಲಾಖೆ ಹೇಳಿದ್ದೆಲ್ಲ ಸರಿಯೆ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ನುಂಗಿದ 1876-78ರ ಭೀಕರ ಬರ ಬಂತು. ಮಳೆಯನ್ನು ಮುಂಚೆ ತಿಳಿಯುವ ಹಂಬಲಕ್ಕೆ ಅದು ತುರ್ತು ತಂದಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಕುಗ್ಗುತ್ತದೆಯೆ ಎಂದು ನೋಡಿ, 1886ರಲ್ಲಿ ಮೊದಲ ದೀರ್ಘಾವಧಿ ಮುನ್ಸೂಚನೆ ಪ್ರಕಟಿಸಿದ. ಮುಂದೆ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಜಗತ್ತಿನ ನಾನಾ ಕಡೆಯ ಗಾಳಿಯ ಒತ್ತಡದ ಅಂಕಿಗಳನ್ನು ಕೂಡಿಸಿ, ಪೆಸಿಫಿಕ್ ಸಾಗರದ ಎರಡು ಅಂಚುಗಳ ನಡುವೆ ಒತ್ತಡ ತಕ್ಕಡಿಯಂತೆ ಏರಿಳಿಯುತ್ತದೆ ಎಂದು ಕಂಡುಕೊಂಡ. ಎಲ್ ನಿನೊ ಎಂದು ಇಂದು ಪತ್ರಿಕೆಗಳಲ್ಲಿ ಓದುವ ವಿದ್ಯಮಾನ ಅದರ ಜೊತೆಗೇ ಹೆಣೆದುಕೊಂಡದ್ದು. ದಕ್ಷಿಣ ಅಮೆರಿಕದ ಕಡೆಯ ಸಮುದ್ರ ಬಿಸಿಯಾದ ಹಲವು ವರ್ಷಗಳಲ್ಲಿ ಜೇವರ್ಗಿಯ ಹೊಲ ಒಣಗಿದ್ದಕ್ಕೆ ಅಲ್ಲಿ ಕಾರಣವಿದೆ.

ಇಷ್ಟಾದರೂ ತಪ್ಪುಗಳಾದವು. 2002ರಲ್ಲಿ ಮುಂಗಾರು ವಾಡಿಕೆಯ ಶೇಕಡ 101ರಷ್ಟು ಬರುತ್ತದೆ ಎಂದು ಇಲಾಖೆ ಹೇಳಿತ್ತು, ಬಂದದ್ದು 81. ಬಿತ್ತನೆಗೆ ಮುಖ್ಯವಾದ ಜುಲೈ ತಿಂಗಳಲ್ಲೇ ದೇಶಕ್ಕೆ ವಾಡಿಕೆಯ ಅರ್ಧದಷ್ಟೂ ಮಳೆಯಾಗಲಿಲ್ಲ. ಆಗ ಏನಾಯಿತು? ಹೇಳಿದ ಅಂಕಿ, ಬಂದ ಅಂಕಿ ಎರಡೂ ಕಾಗದದ ಮೇಲಿದ್ದವು. ತಪ್ಪನ್ನು ಮುಚ್ಚಲು ಸಾಧ್ಯವಿರಲಿಲ್ಲ. ಮರುವರ್ಷ ಹೊಸ ವಿಧಾನ ತಂದರು. ಎತ್ತಿನ ಓಟಕ್ಕೂ ಹವಾಮಾನ ಶಾಸ್ತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಂದು ಯಾವಾಗಲೂ ಸರಿ, ಇನ್ನೊಂದು ತಪ್ಪು ಎಂದಲ್ಲ. ಒಂದು ಲೆಕ್ಕ ಇಡುತ್ತದೆ, ತಪ್ಪಿದರೆ ತಿದ್ದಿಕೊಳ್ಳುತ್ತದೆ. ಇನ್ನೊಂದಕ್ಕೆ ಲೆಕ್ಕದ ಪುಸ್ತಕವೇ ಇಲ್ಲ.

ಮುನ್ಸೂಚನೆಯನ್ನು ಓದುವುದಕ್ಕೂ ಕಲಿಯಬೇಕು. 2023ರಲ್ಲಿ ದೇಶಕ್ಕೆ ಒಟ್ಟಾರೆ ವಾಡಿಕೆಯ ಶೇಕಡ 94ರಷ್ಟು ಮಳೆಯಾಯಿತು. ಓದಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ವರ್ಷದ ಆಗಸ್ಟ್, 1901ರಿಂದ ದಾಖಲಾದ ಆಗಸ್ಟ್ ತಿಂಗಳುಗಳಲ್ಲೇ ಅತ್ಯಂತ ಒಣಗಿದ್ದು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಬೇಕಾಯಿತು. ದೇಶದ ಸರಾಸರಿ ನಮ್ಮ ಹೊಲದ ಬದುವಿನೊಳಗೆ ಇಳಿಯುವುದಿಲ್ಲ. ತಿಂಗಳುಗಳ ಮುನ್ಸೂಚನೆ ವರ್ಷದ ಒಲವು ತಿಳಿಯಲು. ಬಿತ್ತುವ ದಿನಕ್ಕೆ ಬೇಕಾದದ್ದು ಮುಂದಿನ ನಾಲ್ಕೈದು ದಿನದ ಜಿಲ್ಲಾವಾರು ಮುನ್ಸೂಚನೆ ಮತ್ತು ಹೊಲದ ಹಸಿ.

ಭೀಮೆಯ ನೀರು ಬೇರೆ ಕಡೆಯದು

ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ಇನ್ನೂ ಒಂದು ಪಾಠ ಬೇಕು. ಭೀಮಾ ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಘಟ್ಟದಲ್ಲಿ ಬಿದ್ದ ಮಳೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯನ್ನು ತುಂಬಿಸಿ, ಅಲ್ಲಿಂದ ಬಿಟ್ಟ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬಂದು, ಗಾಣಗಾಪುರದ ಸಂಗಮ ದಾಟಿ ಜೇವರ್ಗಿಯ ಕಡೆ ಹರಿಯುತ್ತದೆ. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರ್ ಕೊನೆಯಲ್ಲೂ ಭೀಮೆ ದಂಡೆ ಮೀರಿ ಹೊಲಗಳಲ್ಲಿ ನಿಂತಳು. ಆಳೆತ್ತರಕ್ಕೆ ಬೆಳೆಯುವ ತೊಗರಿಯೂ ನಿಂತ ನೀರನ್ನು ತಾಳದು. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಇಂಥ ಹೊತ್ತಿನಲ್ಲಿ ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು. ಘಟ್ಟರಗಿಯ ಮೇಲೆ ಬಿಸಿಲಿದ್ದರೂ ನದಿ ಏರುತ್ತಿರಬಹುದು. ಅಫಜಲಪುರದ ಇರುವೆಗೆ ಉಜನಿಯ ಬಾಗಿಲು ತೆರೆದ ಸುದ್ದಿ ತಿಳಿಯುವುದಿಲ್ಲ. ಅದನ್ನು ತಿಳಿಸುವುದು ನೀರಾವರಿ ಇಲಾಖೆಯ ಪ್ರಕಟಣೆ, ತಹಸೀಲ್ದಾರರ ಎಚ್ಚರಿಕೆ, ಊರಲ್ಲಿ ಸಾರುವ ಡಂಗುರ. ಮೇಲಿನಿಂದ ಬಿಟ್ಟ ನೀರು ಇಲ್ಲಿಗೆ ಮುಟ್ಟಲು ಸಮಯ ಹಿಡಿಯುತ್ತದೆ. ಆ ಸಮಯವೇ ದನಕರು, ಪಂಪ್‌ಸೆಟ್, ಮಕ್ಕಳ ಪುಸ್ತಕ, ದಾಖಲೆಪತ್ರಗಳನ್ನು ಎತ್ತರಕ್ಕೆ ಸಾಗಿಸಿಕೊಳ್ಳಲು ಸಿಗುವ ಅವಕಾಶ.

ನಾಲ್ಕು ಮನೆಯ ಪುಟ

ಹಾಗೆಂದು ಮನೆಯ ಹಿರಿಯರ ಮಾತನ್ನು ಮೂಢನಂಬಿಕೆ ಎಂದು ಮಕ್ಕಳು ನಕ್ಕುಬಿಡುವುದೂ ವಿಜ್ಞಾನವಲ್ಲ. ಪರೀಕ್ಷಿಸಿ ನೋಡುವುದು ವಿಜ್ಞಾನ. ಅದಕ್ಕೆ ಒಂದು ನೋಟುಬುಕ್ಕು ಸಾಕು.

ಇರುವೆಯ ಮಾತನ್ನೇ ತೆಗೆದುಕೊಳ್ಳಿ. ಪುಟದಲ್ಲಿ ನಾಲ್ಕು ಮನೆ ಬರೆಯಿರಿ. ಇರುವೆ ಮೊಟ್ಟೆ ಸಾಗಿಸಿತು, ಮಳೆ ಬಂತು. ಸಾಗಿಸಿತು, ಮಳೆ ಬರಲಿಲ್ಲ. ಸಾಗಿಸಲಿಲ್ಲ, ಮಳೆ ಬಂತು. ಸಾಗಿಸಲಿಲ್ಲ, ಮಳೆ ಬರಲಿಲ್ಲ. ಮಿರಗದಿಂದ 40 ದಿನ ಗುರುತು ಹಾಕಿದಿರಿ ಎಂದಿಟ್ಟುಕೊಳ್ಳಿ. ಹತ್ತು ದಿನ ಇರುವೆ ಮೊಟ್ಟೆ ಸಾಗಿಸಿ, ಅವುಗಳಲ್ಲಿ ಆರು ದಿನ ಮಳೆ ಬಂದರೆ ಇರುವೆ ಬಲು ಜಾಣ ಅನ್ನಿಸುತ್ತದೆ. ಆದರೆ ಉಳಿದ 30 ದಿನಗಳ ಕಡೆ ನೋಡಿ. ಅವುಗಳಲ್ಲಿ 18 ದಿನ ಮಳೆ ಬಂದಿದ್ದರೆ? ಹತ್ತಕ್ಕೆ ಆರು, ಮೂವತ್ತಕ್ಕೆ ಹದಿನೆಂಟು, ಎರಡೂ ಶೇಕಡ 60. ಅಂದರೆ ಇರುವೆ ಹೊಸದೇನನ್ನೂ ಹೇಳಲಿಲ್ಲ. ಬದಲಿಗೆ ಆ 30 ದಿನಗಳಲ್ಲಿ ಆರೇ ದಿನ ಮಳೆ ಬಂದಿದ್ದರೆ ಅದು ಶೇಕಡ 20. ಆಗ ಇರುವೆಯ ಮಾತಿಗೆ ಬೆಲೆ ಇದೆ. ನಮ್ಮ ನೆನಪು ಮೊದಲ ಮನೆಯನ್ನು ಮಾತ್ರ ಉಳಿಸಿಕೊಂಡು ಉಳಿದ ಮೂರನ್ನು ಅಳಿಸಿಬಿಡುತ್ತದೆ. ಫಿಲ್ ನೂರಕ್ಕೂ ಹೆಚ್ಚು ವರ್ಷ ಬಾಳುತ್ತಿರುವುದೂ, ಕರಿ ಹರಿದ ಎತ್ತಿನ ಮಾತು ನಿಜವಾಯಿತು ಎಂದು ಜನ ಹೇಳುವುದೂ ಈ ನೆನಪಿನ ಆಟದಿಂದಲೇ.

ಮಳೆ ಬಂತು ಎಂದರೆ ಎಷ್ಟು ಬಂತು ಎಂಬುದೂ ಬೇಕು. ದಿನಕ್ಕೆ 2.5 ಮಿಲಿಮೀಟರ್ ಇಲ್ಲವೆ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮಳೆ ದಿನ ಎಂದು ಎಣಿಸುತ್ತದೆ. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯೊಂದರ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಕೂಡಿಸಿ. ತಳದ ಡೊಂಕಿನವರೆಗೆ ನೀರು ತುಂಬಿ ಅಲ್ಲಿ ಸೊನ್ನೆಯ ಗೆರೆ ಹಾಕಿ, ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಸೂರು ಅಡ್ಡವಿಲ್ಲದ ಬಯಲಿನಲ್ಲಿ ನೆಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ಅಳತೆ ಬರೆದು, ನೀರನ್ನು ಮತ್ತೆ ಸೊನ್ನೆಗೆ ಇಳಿಸಿ. ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಎಕರೆ ಸುಮಾರು 4047 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 4047 ಲೀಟರ್ ನೀರು. 25 ಮಿಲಿಮೀಟರ್ ಎಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು.

ಅಷ್ಟು ನೀರು ಬಿದ್ದರೂ ಬೇಸಿಗೆಯಲ್ಲಿ ಬಾಯಿಬಿಟ್ಟ ಕರಿ ಮಣ್ಣಿನ ಬಿರುಕುಗಳು ಮೊದಲು ಅದನ್ನು ನುಂಗುತ್ತವೆ. ಆದ್ದರಿಂದ ಅಳತೆಯ ಜೊತೆಗೆ ತಂದೆ ಮಗ, ತಾಯಿ ಮಗಳು ಕೂಡಿ ಹೊಲಕ್ಕೆ ಹೋಗಿ ನಾಲ್ಕು ಕಡೆ ಅಗೆದು ನೋಡಬೇಕು. ಮೇಲಿನ ಎರಡು ಬೆರಳು ಮಾತ್ರ ಹಸಿಯೋ, ಒಂದು ಗೇಣಿನವರೆಗೂ ಹಸಿ ಇಳಿದಿದೆಯೋ? ಹಿಡಿಯಲ್ಲಿ ಒತ್ತಿದರೆ ಮಣ್ಣು ಉಂಡೆಯಾಗುತ್ತದೆಯೋ, ಪುಡಿಯಾಗುತ್ತದೆಯೋ? ಇದನ್ನೂ ಅದೇ ಪುಟದಲ್ಲಿ ಬರೆಯಬೇಕು. ಪಕ್ಕದಲ್ಲಿ ರೇಡಿಯೊದಲ್ಲೋ ಫೋನಿನಲ್ಲೋ ಬಂದ ಮುನ್ಸೂಚನೆ, ಅಜ್ಜ ಹೇಳಿದ ಮಾತು, ಪಂಚಾಂಗದ ವಾಹನ, ಬಿತ್ತಿದ ದಿನ, ಎಷ್ಟು ಮೊಳಕೆ ಬಂತು ಎಂಬುದೂ ಇರಲಿ. ಯಾರ ಮಾತಿಗೂ ಮೊದಲೇ ಅಂಕ ಕೊಡುವುದು ಬೇಡ.

ಒಂದು ವರ್ಷದ ಪುಟದಿಂದ ಏನೂ ತೀರ್ಮಾನವಾಗುವುದಿಲ್ಲ. ಐದನೇ ತರಗತಿಯಲ್ಲಿ ಶುರು ಮಾಡಿದ ಮಗು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಊರಿನ, ಆ ಹೊಲದ ಆರು ಮುಂಗಾರುಗಳ ಲೆಕ್ಕ ಅದರ ಕೈಯಲ್ಲಿರುತ್ತದೆ. ಅಂಥ ಲೆಕ್ಕ ಯಾವ ಪಂಚಾಂಗದಲ್ಲೂ ಇಲ್ಲ, ಯಾವ ಉಪಗ್ರಹವೂ ಅಷ್ಟು ಹತ್ತಿರದಿಂದ ನೋಡಿಲ್ಲ. ಬೀಜದ ಚೀಲ ಬಿಚ್ಚುವ ಮುನ್ನ ಮನೆಯವರೆಲ್ಲ ಕುಳಿತು ಆ ಪುಟಗಳನ್ನು ತಿರುವಿ ನೋಡಿದರೆ, ಎಂದು ಬಿತ್ತಬೇಕು ಎಂಬ ಮಾತಿಗೆ ಒಂದು ಆಧಾರ ಸಿಕ್ಕಂತಾಗುತ್ತದೆ.